ಓದುಗರ ಪ್ರಶ್ನೆಗೆ ಉತ್ತರ: ಶಿವಮೊಗ್ಗದ ಹೆಸರು, ಗ್ಯಾಬೊನ್ ದೇಶದ ಜಾಗ

ಕಳೆದ ತಿಂಗಳು ಇದೇ ಅಂಕಣದಲ್ಲಿ ವೆಬ್‌ಸೈಟ್ ಹೆಸರಿನ (ಡೊಮೇನ್) ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಹೆಸರಿನ ಕೊನೆಯಲ್ಲಿ ಎರಡೇ ಅಕ್ಷರ ಇದ್ದರೆ ಅದು ಒಂದು ದೇಶಕ್ಕೋ ಪ್ರದೇಶಕ್ಕೋ ಸೇರಿದ್ದು, ಯಾವುದು ಅಂತ ನೋಡಿ ತಗೊಳ್ಳಿ ಎಂದಷ್ಟೇ ಹೇಳಿದ್ದೆ. ಅದಕ್ಕೆ ಶಿವಮೊಗ್ಗ ಜಿಲ್ಲೆಯಿಂದಲೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಸಲ ಪೂರ್ತಿ ಅಂಕಣ ಅದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಊರಿನ ಸುದ್ದಿ, ಬಸ್ಸಿನ ಟೈಮು, ಬಾಡಿಗೆ ಮನೆ ಇವನ್ನೆಲ್ಲ ಹಾಕುವ ಚಿಕ್ಕ ವೆಬ್‌ಸೈಟ್ ಮಾಡಬೇಕು ಅಂತಿದ್ದೇವೆ. ಶಿವಮೊಗ್ಗ ಅಂತ ಇಂಗ್ಲಿಷಿನಲ್ಲಿ ಬರೆದು, ಕೊನೆಯ ಜಿ-ಎ ಎರಡು ಅಕ್ಷರದ ಹಿಂದೆ ಒಂದು ಚುಕ್ಕೆ ಇಟ್ಟರೆ ಅದೇ ಡೊಮೇನ್ ಆಗುತ್ತದಂತೆ. ಎಷ್ಟು ಚೆನ್ನಾಗಿದೆ ಅಲ್ವಾ? ತಗೊಳ್ಳಬಹುದಾ? (ವಿನೋಬನಗರ, ಶಿವಮೊಗ್ಗ)

ಉತ್ತರ: ಚೆನ್ನಾಗಿದೆ, ಒಪ್ಪುತ್ತೇನೆ. ನನಗೂ ಮೊದಲ ಸಲ ಹೊಳೆದಾಗ ಖುಷಿಯಾಗಿತ್ತು. ಆದರೆ ಡಾಟ್ ಜಿಎ ಅಂದರೆ ಆಫ್ರಿಕಾದ ಪಶ್ಚಿಮ ಕರಾವಳಿಯ ಗ್ಯಾಬೊನ್ ದೇಶ. ನಿಮ್ಮ ಊರಿನ ಹೆಸರಿನ ಬಾಲ ಅವರ ಕೈಯಲ್ಲಿರುತ್ತದೆ.

ಅದರಿಂದ ಏನಾಗುತ್ತದೆ ಅಂತ ಕೇಳಿ. ಡಾಟ್ ಜಿಎ ಹೆಸರುಗಳನ್ನು ಬಹಳ ವರ್ಷ ಯುರೋಪಿನ ಒಂದು ಕಂಪನಿ ಬಿಟ್ಟಿಯಾಗಿ ಹಂಚುತ್ತಿತ್ತು. ಕಾಲೇಜು ಹುಡುಗರು, ಸಣ್ಣ ಅಂಗಡಿಯವರು, ಜೊತೆಗೆ ಮೋಸಗಾರರು ಎಲ್ಲರೂ ತಗೊಂಡರು. 2023ರ ಜೂನ್‌ನಲ್ಲಿ ಗ್ಯಾಬೊನ್ ಅದನ್ನು ವಾಪಸ್ ತನ್ನ ಕೈಗೆ ತಗೊಂಡಿತು. ಹಳೆಯ ಪಟ್ಟಿಯಲ್ಲಿದ್ದ 70 ಲಕ್ಷಕ್ಕೂ ಹೆಚ್ಚು ಹೆಸರುಗಳನ್ನು ಅಳಿಸುವುದಾಗಿ ಆಗಲೇ ಪ್ರಕಟಣೆಯೂ ಬಂತು. ಇಟ್ಟುಕೊಂಡವರು ತಪ್ಪು ಮಾಡಿದ್ದರೋ ಇಲ್ಲವೋ, ಯಾರೂ ಒಬ್ಬೊಬ್ಬರನ್ನೇ ಕೂರಿಸಿ ಕೇಳಲಿಲ್ಲ. ಗ್ಯಾಬೊನ್ ಮಾಡಿದ್ದು ತಪ್ಪು ಅಂತ ನಾನು ಹೇಳಲಾರೆ, ಅವರ ದೇಶದ ಹೆಸರು ಮೋಸದ ವೆಬ್‌ಸೈಟುಗಳಿಗೆ ಬಳಕೆಯಾಗಿ ಹಾಳಾಗಿತ್ತು, ಅವರು ತಮ್ಮ ಮನೆ ಗುಡಿಸಿಕೊಂಡರು, ಆದರೆ ಆ ಕಸದ ಜೊತೆಗೆ ಎಷ್ಟೋ ಜನರ ಪ್ರಾಮಾಣಿಕ ಕೆಲಸವೂ ಹೋಯಿತು.

ನಮ್ಮ ಮಲೆನಾಡಿನವರಿಗೆ ಇದನ್ನು ಹೇಳಲು ನನ್ನ ಹತ್ತಿರ ಒಂದೇ ಮಾತು ಇದೆ: ಸೊಪ್ಪಿನ ಬೆಟ್ಟ. ತೋಟಕ್ಕೆ ಸೊಪ್ಪು, ದರಗು ತರುವ ಹಕ್ಕು ನಿಮ್ಮದು. ಅಜ್ಜನ ಕಾಲದಿಂದ ತರುತ್ತಿದ್ದೀರಿ. ಬೇಲಿಯನ್ನೂ ನೀವೇ ಹಾಕಿರಬಹುದು. ಆದರೂ ಜಾಗ ಸರ್ಕಾರದ್ದು. ಡೊಮೇನ್ ಕೂಡ ಹಾಗೆಯೇ, ಎಲ್ಲಾ ಡೊಮೇನೂ ಹಾಗೆಯೇ, ಡಾಟ್ ಕಾಮ್ ಕೂಡ. ನಾವು 'ಕೊಂಡೆವು' ಅನ್ನುತ್ತೇವೆ, ಕೊಟ್ಟಿರುವುದು ವರ್ಷದ ಗೇಣಿ. ಉಳುವವನೇ ಒಡೆಯ ಎಂಬ ಕಾನೂನು ಇಲ್ಲಿ ಇಲ್ಲ. ಹಾಗಾಗಿ ಜಾಗ ಯಾರದ್ದು, ತಕರಾರು ಬಂದರೆ ಯಾರ ಬಾಗಿಲಿಗೆ ಹೋಗಬೇಕು ಅನ್ನುವುದೇ ಮೊದಲು ಕೇಳಬೇಕಾದ ಪ್ರಶ್ನೆ. ಗ್ಯಾಬೊನ್ ರಾಜಧಾನಿ ಲಿಬ್ರವಿಲ್. ಅಲ್ಲಿ ಆಡಳಿತದ ಭಾಷೆ ಫ್ರೆಂಚ್. ನೀವು ಹೋಗುತ್ತೀರಾ?

ಸಾಗರದ ಕಡೆ ನನ್ನ ಅತ್ತಿಗೆಯೊಬ್ಬರು ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾರೆ. ಅವರ ವೆಬ್‌ಸೈಟಿನ ಹೆಸರು ಕೂಡ ಹೀಗೇ ಬಿಟ್ಟಿಯಾಗಿ ಸಿಕ್ಕಿದ್ದು, ಬೇರೊಂದು ದೇಶದ್ದು. ಹುಡುಕಿ ಕೊಟ್ಟವನು ನಾನೇ. ಒಳ್ಳೆಯ ಕಾಗದದ ಮೇಲೆ ಲೇಬಲ್ ಮಾಡಿಸಿದ್ದರು: ಮಿಡಿಯ ಚಿತ್ರ, ಕೆಳಗೆ ಕ್ಯೂಆರ್ ಕೋಡ್. ಒಂದೇ ಸಲಕ್ಕೆ ಎರಡು ಸಾವಿರ ಲೇಬಲ್ ಪ್ರಿಂಟ್ ಆಗಿತ್ತು. ಒಂದು ದಿನ ಬೆಂಗಳೂರಿನ ಗಿರಾಕಿ ಫೋನ್ ಮಾಡಿ, ಅಮ್ಮ, ಇದೇನು ನಿಮ್ಮ ಬಾಟಲಿ ಸ್ಕ್ಯಾನ್ ಮಾಡಿದರೆ ಜೂಜಿನ ಜಾಹೀರಾತು ಬರುತ್ತಿದೆ ಅಂದರು. ಹೆಸರು ಯಾವಾಗ ಕೈ ತಪ್ಪಿತ್ತೋ ನಮಗೆ ಗೊತ್ತೇ ಆಗಿರಲಿಲ್ಲ. ಕೊಟ್ಟ ಕಂಪನಿಗೆ ನಾಲ್ಕು ಇಮೇಲ್ ಹಾಕಿದೆ, ಒಂದಕ್ಕೂ ಉತ್ತರ ಬರಲಿಲ್ಲ. ಆಮೇಲೆ ಶರತ್ತುಗಳನ್ನು ಓದಿದೆ. ಬಿಟ್ಟಿ ಹೆಸರು ಕಾಗದದಲ್ಲಿ ಕಂಪನಿಯದ್ದೇ, ನಮಗೆ ಬಳಸಲು ಬಿಟ್ಟಿದ್ದು ಅಷ್ಟೇ ಅಂತ ಸ್ಪಷ್ಟವಾಗಿ ಬರೆದಿತ್ತು. ಮೊದಲೇ ಓದಬೇಕಿತ್ತು. ಅತ್ತಿಗೆ ಎರಡು ದಿನ ಕೂತು ಬಾಟಲಿಗಳನ್ನು ಬಿಸಿನೀರಿನಲ್ಲಿ ಅದ್ದಿ ಲೇಬಲ್ ಕೆರೆದರು. ಆ ಅಂಟು ಉಗುರಿನ ಸಂದಿಯಲ್ಲಿ ಕೂತಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆದ್ದರಿಂದ ನಿಮ್ಮ ವೆಬ್‌ಸೈಟಿಗೆ ಡಾಟ್ ಇನ್ ತಗೊಳ್ಳಿ. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಅದನ್ನು ನೋಡಿಕೊಳ್ಳುವುದು ನಿಕ್ಸಿ ಎಂಬ ಭಾರತದ ಸಂಸ್ಥೆ. ತಕರಾರು ಬಂದರೆ ತೀರ್ಮಾನ ಮಾಡುವ ಮಧ್ಯಸ್ಥರನ್ನು ಅದೇ ಸಂಸ್ಥೆ ಇಲ್ಲೇ ನೇಮಿಸುತ್ತದೆ. ಚುಕ್ಕೆ ಇಟ್ಟ ಹೆಸರಿನ ಆಸೆ ಬಿಡಲಾಗದಿದ್ದರೆ ದುಡ್ಡು ಕೊಟ್ಟು ಅದನ್ನೂ ತಗೊಳ್ಳಿ, ಆದರೆ ಅದು ಡಾಟ್ ಇನ್ ಕಡೆಗೆ ಕಳಿಸುವ ದಾರಿ ಮಾತ್ರ ಆಗಿರಲಿ. ನಾಳೆ ಆ ದಾರಿ ಮುಚ್ಚಿದರೂ ಮನೆ ಉಳಿದಿರುತ್ತದೆ.

ಪ್ರಶ್ನೆ: ನಾವು ನಾಲ್ಕು ಮನೆಯವರು ಸೇರಿ ರಾಶಿ, ಬೆಟ್ಟೆ ಅಡಿಕೆ, ಜೊತೆಗೆ ಕಾಳುಮೆಣಸನ್ನು ಆನ್‌ಲೈನಿನಲ್ಲಿ ಮಾರಬೇಕು ಅಂತ ಇದ್ದೇವೆ. ಅಡಿಕೆಗೆ ಡಾಟ್ ಕೆಇ, ಮೆಣಸಿಗೆ ಡಾಟ್ ಎಸ್‌ಯು ಸರಿಯಾಗಿ ಕೂರುತ್ತದೆ. ಬಿಟ್ಟಿ ಅಲ್ಲ, ದುಡ್ಡು ಕೊಟ್ಟೇ ತಗೊಳ್ಳುತ್ತೇವೆ. ಆಗಲೂ ಅಪಾಯ ಇದೆಯಾ? (ತೀರ್ಥಹಳ್ಳಿ)

ಉತ್ತರ: ದುಡ್ಡು ಕೊಟ್ಟರೆ ಅಪಾಯ ಕಡಿಮೆ. ಇಲ್ಲ ಅಂತ ಅಲ್ಲ. ಎರಡೂ ಒಂದೇ ತಕ್ಕಡಿಯಲ್ಲಿ ಇಡುವ ಹಾಗೂ ಇಲ್ಲ.

ಡಾಟ್ ಕೆಇ ಕೀನ್ಯಾ ದೇಶದ್ದು. ಕೀನ್ಯಾ ಅದನ್ನು ತನ್ನ ಜನರಿಗಾಗಿ ನಡೆಸುತ್ತಿದೆ. ನಿಯಮ, ಶುಲ್ಕ, ತಕರಾರು ಬಗೆಹರಿಸುವ ಕ್ರಮ ಎಲ್ಲವೂ ಅಲ್ಲಿಯದೇ. ನೀವು ಅಲ್ಲಿ ಅತಿಥಿ. ಒಂದು ಉದಾಹರಣೆಗೆ ಶುಲ್ಕವನ್ನೇ ತಗೊಳ್ಳಿ. ಡಾಟ್ ಕಾಮ್ ಸಗಟು ದರವನ್ನು ಅದನ್ನು ನಡೆಸುವ ಕಂಪನಿ ಮನಸ್ಸಿಗೆ ಬಂದಷ್ಟು ಏರಿಸುವ ಹಾಗಿಲ್ಲ, ಮಿತಿ ಇದೆ, ಏರಿಸುವ ಮೊದಲು ಸೂಚನೆ ಕೊಡಬೇಕು, ಬೇಕಾದರೆ ನೀವು ಹತ್ತು ವರ್ಷಕ್ಕೆ ಮೊದಲೇ ಕಟ್ಟಿಕೊಳ್ಳಬಹುದು. ದೇಶದ ಹೆಸರುಗಳಿಗೆ ಆ ಕರಾರು ಅನ್ವಯಿಸುವುದಿಲ್ಲ. ಇಂಟರ್ನೆಟ್ ಹೆಸರುಗಳನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಗೆ ದೂರು ಕೊಟ್ಟರೆ, ಆ ದೇಶವನ್ನೇ ಕೇಳಿ ಅನ್ನುತ್ತದೆ. ಅದು ಕೈ ತೊಳೆದುಕೊಳ್ಳುವ ಮಾತಲ್ಲ. ವ್ಯವಸ್ಥೆ ಇರುವುದೇ ಹಾಗೆ.

ಡಾಟ್ ಎಸ್‌ಯು ವಿಷಯದಲ್ಲಿ ಮಾತ್ರ ನಾನು ಖಡಾಖಂಡಿತವಾಗಿ ಬೇಡ ಅನ್ನುತ್ತೇನೆ. ಎಸ್‌ಯು ಅಂದರೆ ಸೋವಿಯತ್ ಒಕ್ಕೂಟ. 1990ರ ಸೆಪ್ಟೆಂಬರಿನಲ್ಲಿ ಹೆಸರು ಕೊಟ್ಟರು, 1991ರ ಡಿಸೆಂಬರಿನಲ್ಲಿ ದೇಶವೇ ಇಲ್ಲವಾಯಿತು. ಹೆಸರು ಮಾತ್ರ ರಷ್ಯಾದ ಸಂಸ್ಥೆಯ ಕೈಯಲ್ಲಿ ಉಳಿದುಕೊಂಡಿದೆ. ಮೋಸಗಾರರು ಜಾಸ್ತಿ ಬಳಸಿ ಅದಕ್ಕೆ ಕೆಟ್ಟ ಹೆಸರು ಬಂದಿದೆ. ಎಷ್ಟೋ ಕಡೆ ಆ ವಿಳಾಸದಿಂದ ಬಂದ ಇಮೇಲ್ ಸೀದಾ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತದೆ. ಗಿರಾಕಿಗೆ ಬಿಲ್ ಕಳಿಸಿ, ಅದು ಅಲ್ಲಿ ಬಿದ್ದು, ಅವನು ದುಡ್ಡು ಹಾಕದೆ, ನೀವು ಅವನ ಮೇಲೆ ಬೇಜಾರು ಮಾಡಿಕೊಂಡು... ಯಾಕೆ ಬೇಕು ಅದೆಲ್ಲ?

ಒಂದು ಮಾತು ನೆನಪಿಡಿ. ಮ್ಯಾಮ್‌ಕೋಸ್‌ಗೆ ಅಡಿಕೆ ಹಾಕುವಾಗ ಮೂಟೆಯ ಮೇಲೆ ಯಾರ ಹೆಸರು ಇದೆ ಅಂತ ಎರಡು ಸಲ ನೋಡುತ್ತೀರಿ ಅಲ್ವಾ. ಇಲ್ಲೂ ಅಷ್ಟೇ ನೋಡಿ ಸಾಕು.

ಪ್ರಶ್ನೆ: ಆಗುಂಬೆ ಹತ್ತಿರ ನಮ್ಮದು ಹೋಮ್‌ಸ್ಟೇ. ಮಗ ಡಾಟ್ ಎಲ್‌ವೈ ಅಂತ ಕೊನೆಯಾಗುವ ಚಿಕ್ಕ ಹೆಸರು ತಗೊಂಡಿದ್ದಾನೆ. ಮಳೆ, ಜಲಪಾತ, ಬಂದವರ ಫೋಟೊ ಹಾಕುತ್ತೇವೆ. ಅದು ಲಿಬಿಯಾ ದೇಶದ್ದು ಅಂತ ನಿಮ್ಮ ಅಂಕಣ ಓದಿ ಗೊತ್ತಾಯಿತು. ನಮ್ಮ ಫೋಟೊಗೂ ಲಿಬಿಯಾಕ್ಕೂ ಏನು ಸಂಬಂಧ? (ಆಗುಂಬೆ)

ಉತ್ತರ: ಸಂಬಂಧ ಇದೆ. 2010ರಲ್ಲಿ ವಿಬಿ ಡಾಟ್ ಎಲ್‌ವೈ ಎಂಬ ಲಿಂಕ್ ಚಿಕ್ಕದು ಮಾಡುವ ಸೇವೆಯನ್ನು ಲಿಬಿಯಾ ಕಿತ್ತುಕೊಂಡಿತು. ನಡೆಸುತ್ತಿದ್ದವರು ಅಮೆರಿಕದಲ್ಲಿದ್ದರು. ಅಲ್ಲಿ ಅವರು ಮಾಡಿದ್ದು ಯಾವ ತಪ್ಪೂ ಅಲ್ಲ. ಮುಖಪುಟದಲ್ಲಿ ತೋಳಿಲ್ಲದ ಉಡುಪು ತೊಟ್ಟು ಕೈಯಲ್ಲಿ ಬಾಟಲಿ ಹಿಡಿದ ಹೆಂಗಸಿನ ಫೋಟೊ ಇತ್ತು, ಅದು ಲಿಬಿಯಾದ ಕಾನೂನಿಗೂ ನೀತಿಗೂ ವಿರುದ್ಧ ಅನ್ನುವುದು ಅಲ್ಲಿಯವರ ಆಕ್ಷೇಪ. ಇನ್ನು ನಿಮ್ಮ ಹೋಮ್‌ಸ್ಟೇ ಫೋಟೊಗಳನ್ನು ನೆನಪಿಸಿಕೊಳ್ಳಿ. ಝರಿಯಲ್ಲಿ ಆಡುವವರು, ಸಂಜೆ ಬೆಂಕಿ ಹಾಕಿ ಸುತ್ತ ಕೂತವರು, ಅವರ ಕೈಯಲ್ಲಿ ಏನೇನಿದೆಯೋ.

ನಿಮ್ಮ ಹೋಮ್‌ಸ್ಟೇ ಹುಡುಕಿಕೊಂಡು ಲಿಬಿಯಾದವರು ಬರುತ್ತಾರೆ ಅಂತ ಹೆದರಿಸುತ್ತಿಲ್ಲ. ಡಾಟ್ ಎಲ್‌ವೈ ಬಳಸುವ ದೊಡ್ಡ ಸೇವೆಗಳು ಇವತ್ತಿಗೂ ನಡೆಯುತ್ತಿವೆ. ಆದರೆ ಒಂದು ದಿನ ಯಾರೋ ದೂರು ಕೊಟ್ಟು ನಿಮ್ಮ ಹೆಸರು ನಿಂತರೆ, ನೀವು ಕರ್ನಾಟಕದ ಕಾನೂನು ತೋರಿಸಿ ವಾದ ಮಾಡುವ ಹಾಗಿಲ್ಲ. ಅಫ್ಘಾನಿಸ್ತಾನದ ಡಾಟ್ ಎಎಫ್ ಅಡಿಯಲ್ಲಿದ್ದ ಕ್ವಿಯರ್ ಡಾಟ್ ಎಎಫ್ ಎಂಬ ಲೈಂಗಿಕ ಅಲ್ಪಸಂಖ್ಯಾತರ ತಾಣ 2024ರ ಫೆಬ್ರವರಿಯಲ್ಲಿ ಹೀಗೇ ನಿಂತಿತು. ಅವರು ಹೆಸರು ತಗೊಂಡಾಗ ಕಾಬೂಲಿನಲ್ಲಿ ಬೇರೆ ಸರ್ಕಾರ ಇತ್ತು. ತಾಲಿಬಾನ್ ಬಂದ ಮೇಲೆ ನಿಯಮ ಬದಲಾಯಿತು. ನೀವು ಬದಲಾಗದೇ ಇದ್ದರೂ ನಿಮ್ಮ ಕಾಲ ಕೆಳಗಿನ ನೆಲ ಬದಲಾಗಬಹುದು.

ಇಮೇಲನ್ನು ಮೊದಲು ನೋಡಿ. ಬುಕಿಂಗ್ ಎಲ್ಲ ಆ ಹೆಸರಿನ ಇಮೇಲಿಗೆ ಬರುತ್ತಿದೆಯಾ? ಬ್ಯಾಂಕಿಗೆ, ಜಿಎಸ್‌ಟಿಗೆ, ಫೇಸ್‌ಬುಕ್ ಪೇಜಿಗೆ ಅದೇ ವಿಳಾಸ ಕೊಟ್ಟಿದ್ದೀರಾ? ಹಾಗಿದ್ದರೆ ಹೆಸರು ಹೋದ ದಿನ ವೆಬ್‌ಸೈಟ್ ಒಂದೇ ಹೋಗುವುದಿಲ್ಲ. ನಾಳೆ ಆ ಹೆಸರನ್ನು ಬೇರೆಯವರು ತಗೊಂಡರೆ ನಿಮಗೆ ಬರಬೇಕಾದ ಕಾಗದವೆಲ್ಲ ಅವರ ಅಂಚೆಪೆಟ್ಟಿಗೆಗೆ ಬೀಳುತ್ತದೆ. 'ಪಾಸ್‌ವರ್ಡ್ ಮರೆತಿದೆ' ಅಂತ ಒತ್ತಿದರೆ ಹೊಸ ಪಾಸ್‌ವರ್ಡ್ ಅವರಿಗೇ ಹೋಗುತ್ತದೆ. ವೆಬ್‌ಸೈಟನ್ನು ವಾರದಲ್ಲಿ ಮತ್ತೆ ಕಟ್ಟಬಹುದು. ಇದನ್ನು ಸರಿ ಮಾಡಲು ತಿಂಗಳುಗಟ್ಟಲೆ ಓಡಾಡಬೇಕು.

ಪ್ರಶ್ನೆ: ಇಂಜಿನಿಯರಿಂಗ್ ಕೊನೆಯ ವರ್ಷ. ನಾವು ಮೂವರು ಸೇರಿ ಚಿಕ್ಕ ಸಾಫ್ಟ್‌ವೇರ್ ಮಾಡಿದ್ದೇವೆ. ಟೆಕ್ ಕಂಪನಿಗಳೆಲ್ಲ ಡಾಟ್ ಐಒ ಇಟ್ಟುಕೊಳ್ಳುತ್ತವೆ. ಅದೂ ಒಂದು ದೇಶದ್ದಾ? (ಶಿವಮೊಗ್ಗ)

ಉತ್ತರ: ಅದು ಹಿಂದೂ ಮಹಾಸಾಗರದ ಬ್ರಿಟಿಷ್ ಪ್ರದೇಶದ್ದು. ಚಾಗೋಸ್ ದ್ವೀಪಗಳು ಅಂತ ಕೇಳಿರಬಹುದು, ಡಿಯಾಗೊ ಗಾರ್ಸಿಯಾದ ಸೇನಾನೆಲೆ ಇರುವ ಜಾಗ. ಅಲ್ಲಿ ಹುಟ್ಟಿ ಬೆಳೆದ ಜನರನ್ನು 1968ರಿಂದ 1973ರ ನಡುವೆ ಪೂರ್ತಿ ಒಕ್ಕಲೆಬ್ಬಿಸಿದರು. ಶರಾವತಿ ಮುಳುಗಡೆಯಲ್ಲಿ ಊರು ಬಿಟ್ಟು ಬಂದವರ ಮೊಮ್ಮಕ್ಕಳು ನಿಮ್ಮ ಕಾಲೇಜಿನಲ್ಲೇ ಇರುತ್ತಾರೆ, ಅವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡಾಟ್ ಐಒ ಮಾರಾಟದ ದುಡ್ಡಿನಲ್ಲಿ ತಮಗೂ ಪಾಲು ಬೇಕು ಅಂತ ಚಾಗೋಸ್ ಜನ ಕೇಳುತ್ತಾ ಬಂದಿದ್ದಾರೆ. ಹೆಸರು ತಗೊಳ್ಳುವ ಮೊದಲು ಇಷ್ಟಾದರೂ ಗೊತ್ತಿರಲಿ ಅಂತ ನನ್ನ ಆಸೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಆ ದ್ವೀಪಗಳನ್ನು ಮಾರಿಷಸ್‌ಗೆ ಬಿಟ್ಟುಕೊಡುವುದಾಗಿ ಬ್ರಿಟನ್ 2024ರ ಅಕ್ಟೋಬರಿನಲ್ಲಿ ಹೇಳಿತು. 2025ರ ಮೇ 22ರಂದು ಒಪ್ಪಂದಕ್ಕೆ ಸಹಿ ಬಿತ್ತು. ದೇಶಗಳ ಎರಡಕ್ಷರದ ಅಂತರರಾಷ್ಟ್ರೀಯ ಪಟ್ಟಿಯೊಂದಿದೆ. ಪ್ರದೇಶವೇ ಇಲ್ಲವಾಗಿ ಅದರ ಅಕ್ಷರ ಆ ಪಟ್ಟಿಯಿಂದ ಹೊರಗೆ ಬಿದ್ದರೆ, ಡೊಮೇನನ್ನೂ ನಿಧಾನವಾಗಿ ಮುಚ್ಚಬೇಕು ಅನ್ನುವುದು ನಿಯಮ. ಐದು ವರ್ಷ ಸಮಯ ಕೊಡುತ್ತಾರೆ, ಕಾರಣ ಕೊಟ್ಟು ಕೇಳಿಕೊಂಡರೆ ಇನ್ನೂ ಐದು. ಯುಗೊಸ್ಲಾವಿಯಾದ ಡಾಟ್ ವೈಯು 2010ರ ಮಾರ್ಚ್‌ನಲ್ಲಿ ಹಾಗೇ ಮುಚ್ಚಿತು. ಐಒ ಮುಚ್ಚಿಯೇ ಬಿಡುತ್ತದೆ ಅಂತ ನಾನು ಹೇಳುತ್ತಿಲ್ಲ. ಬಳಸುವವರು ಲಕ್ಷಗಟ್ಟಲೆ ಇದ್ದಾರೆ, ಏನಾದರೂ ದಾರಿ ಹುಡುಕಬಹುದು. ಆದರೆ ಆ ಮಾತುಕತೆಯಲ್ಲಿ ನಿಮಗೆ ಕುರ್ಚಿ ಇಲ್ಲ.

ದೇಶ ಅಲ್ಲೇ ಇದ್ದು ನಿಯಮ ಬದಲಾದರೂ ಕಷ್ಟವೇ. ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟಾಗ ಡಾಟ್ ಇಯು ಇಟ್ಟುಕೊಳ್ಳುವ ಅರ್ಹತೆ ಅಲ್ಲಿನವರಿಗೆ ತಪ್ಪಿತು. 2021ರ ಜನವರಿ 1ರಂದು ಸುಮಾರು 80 ಸಾವಿರ ಹೆಸರುಗಳು ಒಂದೇ ದಿನ ನಿಂತವು. ಶುಲ್ಕ ಕಟ್ಟಿದ್ದರು, ತಪ್ಪೇನೂ ಮಾಡಿರಲಿಲ್ಲ.

ಡಾಟ್ ಎಐ ಬಗ್ಗೆಯೂ ಕೇಳುತ್ತೀರಿ ಅಂತ ಗೊತ್ತು. ಅದು ಕೆರಿಬಿಯನ್ ಸಮುದ್ರದ ಅಂಗ್ವಿಲಾ ದ್ವೀಪದ್ದು. ಅಲ್ಲಿನ ಸರ್ಕಾರಕ್ಕೆ ಅದು ದೊಡ್ಡ ಆದಾಯ, ಹಾಗಾಗಿ ಜೋಪಾನವಾಗಿ ನೋಡಿಕೊಳ್ಳುತ್ತಾರೆ. ಅಪಾಯ ಕಡಿಮೆ, ಬೆಲೆ ಜಾಸ್ತಿ. ಮೂವರು ವಿದ್ಯಾರ್ಥಿಗಳ ಜೇಬಿಗೆ ಡಾಟ್ ಇನ್ ಸಾಕು.

ಪ್ರಶ್ನೆ: ಡೊಮೇನ್ ನಮ್ಮದೇ, ದುಡ್ಡು ಕಟ್ಟಿದ್ದೂ ನಾವೇ. ಡಾಟ್ ಸಿಒ. ಆದರೆ ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಊರು ಬಿಟ್ಟಿದ್ದಾನೆ, ಫೋನ್ ತೆಗೆಯುತ್ತಿಲ್ಲ. ನವೀಕರಣ ಹೇಗೆ? (ಹೊಸನಗರ)

ಉತ್ತರ: ಇದು ಅತಿ ಹೆಚ್ಚು ಬರುವ ಪತ್ರ. ಡೊಮೇನ್ ಯಾವ ದೇಶದ್ದೇ ಆಗಲಿ, ಈ ತೊಂದರೆ ಒಂದೇ. ಹುಡುಗ ತನ್ನ ಹೆಸರಿನಲ್ಲಿ, ತನ್ನ ಇಮೇಲಿನಲ್ಲಿ ನೋಂದಾಯಿಸಿರುತ್ತಾನೆ. ದಾಖಲೆಯ ಪ್ರಕಾರ ಒಡೆಯ ಅವನೇ. ಮೊದಲು ಹೂಇಸ್ ಎಂಬ ಹುಡುಕಾಟದಲ್ಲಿ ನಿಮ್ಮ ಡೊಮೇನ್ ಹೆಸರು ಹಾಕಿ, ಯಾವ ಕಂಪನಿಯ ಮೂಲಕ ತಗೊಂಡಿದ್ದಾನೆ, ಅವಧಿ ಎಂದು ಮುಗಿಯುತ್ತದೆ ನೋಡಿ. ದುಡ್ಡು ಕೊಟ್ಟ ರಸೀದಿ, ವಾಟ್ಸಾಪ್ ಮಾತು, ಅಂಗಡಿಯ ಪರವಾನಗಿ ಎಲ್ಲ ಸೇರಿಸಿ ಆ ಕಂಪನಿಗೆ ಬರೆಯಿರಿ. ಹುಡುಗನ ಮನೆಗೂ ಒಮ್ಮೆ ಹೋಗಿ ಬನ್ನಿ. ಮುಕ್ಕಾಲು ಪಾಲು ಅಲ್ಲೇ ಬಗೆಹರಿಯುತ್ತದೆ, ಅಪ್ಪ ಅಮ್ಮ ಫೋನ್ ಮಾಡಿಸುತ್ತಾರೆ.

ತಡ ಮಾಡಬೇಡಿ ಅಂತ ಯಾಕೆ ಹೇಳುತ್ತೇನೆ ಅಂದರೆ, ಡಾಟ್ ಕಾಮ್‌ನಂಥ ಹೆಸರು ಅವಧಿ ಮುಗಿದು ಅಳಿಸಿಹೋದ ಮೇಲೂ 30 ದಿನ ದಂಡ ಕಟ್ಟಿ ವಾಪಸ್ ಪಡೆಯಲು ಅವಕಾಶ ಇರುತ್ತದೆ. ದೇಶದ ಹೆಸರುಗಳಲ್ಲಿ ಆ ಗಡುವು ಒಂದೊಂದು ಕಡೆ ಒಂದೊಂದು ಥರ. ಡಾಟ್ ಸಿಒ ಕೊಲಂಬಿಯಾದ್ದು. ಅವರ ನಿಯಮವನ್ನೇ ಓದಿ ದಿನ ಲೆಕ್ಕ ಹಾಕಿ.

ಇನ್ನೊಂದು, ಡಾಟ್ ಸಿಒ ಇಟ್ಟುಕೊಂಡವರ ಗಿರಾಕಿಗಳಲ್ಲಿ ಕೆಲವರು ಅಭ್ಯಾಸದಿಂದ ಡಾಟ್ ಕಾಮ್ ಅಂತಲೇ ಒತ್ತುತ್ತಾರೆ. ಬುಕಿಂಗ್ ಇಮೇಲ್ ಬೇರೆಯವರಿಗೆ ಹೋಗುತ್ತದೆ. ಇದು ಸಣ್ಣ ವಿಷಯ ಅನ್ನಬೇಡಿ. ಅಮೆರಿಕದ ಸೇನೆಯ ವಿಳಾಸ ಡಾಟ್ ಎಂಐಎಲ್. ಅದರಲ್ಲಿ ಒಂದು ಐ ಬಿಟ್ಟರೆ ಡಾಟ್ ಎಂಎಲ್, ಅದು ಆಫ್ರಿಕಾದ ಮಾಲಿ ದೇಶದ್ದು. ಸೇನೆಗೆ ಹೋಗಬೇಕಾದ ಎಷ್ಟೋ ಇಮೇಲ್ ವರ್ಷಗಟ್ಟಲೆ ಮಾಲಿಯ ಹೆಸರಿಗೆ ಹೋಗುತ್ತಿತ್ತು ಅನ್ನುವುದು 2023ರಲ್ಲಿ ಸುದ್ದಿಯಾಯಿತು.

ಪ್ರಶ್ನೆ: ಕನ್ನಡದಲ್ಲೇ ಡೊಮೇನ್ ಹೆಸರು ಸಿಗುತ್ತದಾ? (ರಿಪ್ಪನ್‌ಪೇಟೆ)

ಉತ್ತರ: ಸಿಗುತ್ತದೆ. ಕನ್ನಡ ಲಿಪಿಯಲ್ಲೇ 'ಡಾಟ್ ಭಾರತ' ಇದೆ, ಅದನ್ನೂ ನಿಕ್ಸಿಯೇ ನೋಡಿಕೊಳ್ಳುತ್ತದೆ. ಅಂಗಡಿಯ ಹೆಸರನ್ನು ಕನ್ನಡದಲ್ಲೇ ಬ್ರೌಸರಿನಲ್ಲಿ ಒತ್ತಿ ತೆರೆದಾಗ ಆಗುವ ಸಂತೋಷ ಬೇರೆ, ಎಲ್ಲರೂ ಒಂದು ಸಲ ನೋಡಬೇಕು. ಕನ್ನಡ ಇಮೇಲ್ ವಿಳಾಸವನ್ನು ಮಾತ್ರ ಎಲ್ಲ ಕಡೆ ಒಪ್ಪುವುದಿಲ್ಲ, ಅದಕ್ಕೆ ಜೊತೆಗೊಂದು ಡಾಟ್ ಇನ್ ಇರಲಿ.

ಪ್ರಶ್ನೆ: ನಮ್ಮದು ಜೇನಿನ ವ್ಯಾಪಾರ. ಆರು ವರ್ಷದಿಂದ ಡಾಟ್ ಎನ್‌ಯು ಹೆಸರಿದೆ, ಬಾಟಲಿ, ಬೋರ್ಡು, ಚೀಲ ಎಲ್ಲದರ ಮೇಲೂ ಅದೇ. ಈಗ ಬದಲಿಸಲೇಬೇಕಾ? (ಸಾಗರ)

ಉತ್ತರ: ನಾಳೆಯೇ ಅಲ್ಲ. ಎನ್‌ಯು ಪೆಸಿಫಿಕ್ ಸಾಗರದ ನಿಯು ಎಂಬ ಪುಟ್ಟ ದ್ವೀಪದ್ದು. ಈಗ ಸ್ವೀಡನ್ನಿನ ಸಂಸ್ಥೆಯೊಂದು ನಡೆಸುತ್ತಿದೆ, ಯಾಕೆಂದರೆ ಸ್ವೀಡಿಷ್ ಭಾಷೆಯಲ್ಲಿ 'ನು' ಅಂದರೆ 'ಈಗ', ಅಲ್ಲಿ ಬೇಡಿಕೆ ಇದೆ. ಆದರೆ ಅದು ನಮ್ಮದು, ವಾಪಸ್ ಕೊಡಿ ಅಂತ ನಿಯು ಸರ್ಕಾರ ಸ್ವೀಡನ್ನಿನ ಕೋರ್ಟಿಗೂ ಹೋಗಿದೆ. ಇಬ್ಬರ ಜಗಳದ ಜಾಗದಲ್ಲಿ ನಿಮ್ಮ ಅಂಗಡಿ ಇದೆ.

ಈ ವಾರ ಡಾಟ್ ಇನ್ ಒಂದನ್ನು ನಿಮ್ಮದೇ ಹೆಸರು, ನಿಮ್ಮದೇ ಫೋನ್ ನಂಬರಿನಲ್ಲಿ ತಗೊಳ್ಳಿ. ಇಮೇಲನ್ನು ಮೊದಲು ಆ ಕಡೆ ಸಾಗಿಸಿ. ಬ್ಯಾಂಕು, ಜಿಎಸ್‌ಟಿ, ಕೊರಿಯರ್‌ನವರಿಗೆ ಹೊಸ ವಿಳಾಸ ಕೊಡಿ. ಆಮೇಲೆ ವೆಬ್‌ಸೈಟನ್ನು ಹೊಸ ಹೆಸರಿಗೆ ತಂದು, ಹಳೆಯದನ್ನು ಒತ್ತಿದವರು ತಾನಾಗಿ ಇಲ್ಲಿಗೆ ಬರುವ ಹಾಗೆ ಮಾಡಿಸಿ. ಬೋರ್ಡು ಹಾಗೇ ಇರಲಿ. ಮುಂದಿನ ಸಲ ಲೇಬಲ್ ಪ್ರಿಂಟ್ ಮಾಡಿಸುವಾಗ ಹೊಸ ಹೆಸರು ಹಾಕಿ. ಹಳೆಯ ಹೆಸರನ್ನು ಕೈ ಬಿಡಬೇಡಿ, ಇನ್ನೂ ನಾಲ್ಕೈದು ವರ್ಷ ಶುಲ್ಕ ಕಟ್ಟುತ್ತಲೇ ಇರಿ. ಯಾರದ್ದೋ ಮನೆಯ ಅಡುಗೆಕೋಣೆಯ ಗೂಡಿನಲ್ಲಿ ನಿಮ್ಮ ಹಳೆಯ ಬಾಟಲಿ ಅರ್ಧ ಜೇನಿನ ಜೊತೆ ಇನ್ನೂ ಕೂತಿರುತ್ತದೆ, ಮುಗಿದ ದಿನ ಅವರು ಅದರ ಮೇಲಿನ ಹೆಸರನ್ನೇ ನೋಡಿ ಒತ್ತುತ್ತಾರೆ.